ಬೂಟ್ ಆಗದ ಕರ್ನಲ್

ನಮ್ಮನೆಯವರು ಒಳ್ಳೆಯವರು. ಇದನ್ನ ಮೊದಲೇ ಹೇಳಿಬಿಡ್ತೀನಿ, ಯಾಕಂದ್ರೆ ಮುಂದಿನದನ್ನೆಲ್ಲ ಕೇಳಿದ ಮೇಲೆ ಹೇಳಿದ್ರೆ ನೀವು ನಂಬಲ್ಲ. ಹೆಸರು ಹನುಮಂತರಾಜು. ಕ್ಯಾತ್ಸಂದ್ರದಲ್ಲಿ ಮನೆ, ಗುಬ್ಬಿಯ ಒಂದು ಖಾಸಗಿ ಕಾಲೇಜಿನ ಆಫೀಸಿನಲ್ಲಿ ಗುಮಾಸ್ತರ ಕೆಲಸ. ಬೆಳಗ್ಗೆ ರೈಲಿಗೆ ಹೋಗಿ ಸಂಜೆ ರೈಲಿಗೆ ಬರೋ ಮನುಷ್ಯ. ಕುಡಿಯಲ್ಲ, ಸೇದಲ್ಲ, ಯಾರ ತಂಟೆಗೂ ಹೋಗಲ್ಲ. ಇಂಥ ಮನುಷ್ಯನ್ನ ನಮ್ಮಪ್ಪ ಮುದ್ದಯ್ಯನವರು ಮದುವೆಯಾದ ದಿನದಿಂದ ಲೆಕ್ಕಕ್ಕೇ ತಗೊಂಡಿರಲಿಲ್ಲ.

ನಮ್ಮಪ್ಪಂದು ಇನ್ನೊಂದು ಥರ. ಸಿ.ಎಸ್. ಪುರದಲ್ಲಿ ತೆಂಗಿನ ತೋಟ ಮಾಡ್ಕೊಂಡು, ಕೊಬ್ಬರಿ ಒಣಗಿಸಿ ಮಾರ್ಕೊಂಡು ಬದುಕಿದೋರು. ವಯಸ್ಸಿನಲ್ಲಿ ಮಿಲ್ಟ್ರಿಗೆ ಸೇರ್ತೀನಿ ಅಂತ ತುಮಕೂರಿಗೆ ಬಂದು, ಅವರು ಎದೆ ಉಬ್ಬಿಸು ಅಂದಾಗ ಇವರು ಹೊಟ್ಟೆ ಉಬ್ಬಿಸಿ, ಅದೇ ಬಸ್ಸಿಗೆ ವಾಪಸ್ ಬಂದಿದ್ರು. ಆದ್ರೆ ಮನಸ್ಸು ವಾಪಸ್ ಬರಲಿಲ್ಲ. ಇವತ್ತಿಗೂ ತೋಟಕ್ಕೆ ಹೋಗೋದು ಖಾಕಿ ಚಡ್ಡಿಯಲ್ಲೇ. ಎಮ್ಮೆಗೂ ಹಿಂದಿಯಲ್ಲೇ ಆರ್ಡರ್ ಕೊಡ್ತಾರೆ. ಅಂಥೋರಿಗೆ ಹಿರಿ ಅಳಿಯ ಗುಮಾಸ್ತ.

ನಮ್ಮ ಕಡೆ ಅಳಿಯನಿಗೆ ಎಷ್ಟು ಮರ್ಯಾದೆ ಅಂತ ಗೊತ್ತಾಗೋದು ಪಂಕ್ತಿಯಲ್ಲಿ. ನನ್ನ ತಂಗಿ ಮಂಗಳಗೌರಿಯ ಗಂಡ ರವೀಶ್, ಗುಬ್ಬಿಯಲ್ಲಿ ಸೈಟ್ ವ್ಯಾಪಾರ ಮಾಡ್ತಾನೆ, ಕಾರಿದೆ. ಅವನ ಎಲೆ ಹತ್ರ ಒಬ್ಬಟ್ಟು ಬಂದ್ರೆ ಸಾಕು, ನಮ್ಮಪ್ಪ ಎಲ್ಲಿದ್ರೂ ಅಲ್ಲಿಂದಲೇ "ಅಳಿಯಂದ್ರಿಗೆ ತುಪ್ಪ ಹಾಕ್ರೋ!" ಅಂತ ಕೂಗೋರು. ನಮ್ಮೋರ ಎಲೆಗೆ ಬಂದಾಗ ನಮ್ಮಪ್ಪನಿಗೆ ಯಾವುದೋ ಕೆಲಸ ಜ್ಞಾಪಕ ಬರ್ತಿತ್ತು. ಮದುವೆಯಾದಾಗಿಂದ ನಮ್ಮೋರು ಮಾವನ ಮನೇಲಿ ತಿಂದಿದ್ದು ಒಣ ಒಬ್ಬಟ್ಟೇ. ಬಾಯಿ ಬಿಟ್ಟು ಒಂದು ಮಾತು ಆಡಲಿಲ್ಲ. ಆದ್ರೆ ಕ್ಯಾತ್ಸಂದ್ರಕ್ಕೆ ವಾಪಸ್ ಬಂದ ತಕ್ಷಣ ಅಡುಗೆಮನೆಗೆ ಹೋಗಿ, ಡಬ್ಬಿಯಿಂದ ಒಂದು ಚಮಚ ತುಪ್ಪ ತೆಗೆದು ನಿಂತ್ಕೊಂಡೇ ನೆಕ್ಕೋರು. ಅದನ್ನ ನೋಡಿದಾಗೆಲ್ಲ ನನ್ನ ಹೊಟ್ಟೆ ಉರೀತಿತ್ತು.

ಈ ವರ್ಷ ಅವರ ಕಾಲೇಜಿನವರು ಹಳೇ ಲ್ಯಾಪ್‌ಟಾಪ್‌ಗಳನ್ನ ಬಿಸಾಕೋ ಬದಲು ಸ್ಟಾಫಿಗೆ ಹಂಚಿದ್ರು. ನಮ್ಮೋರ ಪಾಲಿಗೆ ಬಂದಿದ್ದು ಆನ್ ಆಗೋಕೇ ಒಂದು ಲೋಟ ಕಾಫಿ ಕುಡಿಯೋವಷ್ಟು ಹೊತ್ತು ತಗೊಳ್ತಿತ್ತು. ಬಿ.ಎಚ್. ರಸ್ತೆಯಲ್ಲಿ ರಿಪೇರಿ ಅಂಗಡಿ ಇಟ್ಟಿರೋ ರವಿಕಿರಣ್, "ಸಾರ್, ಇದು ಮುದುಕ ಆಗೋಗಿದೆ, ವಿಂಡೋಸ್ ಹೊರೋಕಾಗಲ್ಲ, ಲಿನಕ್ಸ್ ಹಾಕ್ಕೊಡ್ತೀನಿ" ಅಂತ ಹಾಕಿಕೊಟ್ಟ. ಹಾಕಿದೋನು ಸುಮ್ಮನಿರಬಾರದಾ? "ಇದರ ಒಳಗೆ ಕರ್ನಲ್ ಅಂತ ಒಂದಿದೆ ಸಾರ್, ಇಡೀ ಕಂಪ್ಯೂಟರ್ ಅದರ ಮಾತೇ ಕೇಳೋದು. ಬೇಕಾದ್ರೆ ನೀವೇ ಅದಕ್ಕೆ ಪ್ರೋಗ್ರಾಮ್ ಬರೀಬೋದು" ಅಂದ.

ಯಾರೂ ಮಾತು ಕೇಳದ ಮನುಷ್ಯನಿಗೆ ಎಲ್ಲರೂ ಮಾತು ಕೇಳೋ ವಸ್ತು ಇದೆ ಅಂತ ಗೊತ್ತಾದ್ರೆ ಏನಾಗುತ್ತೆ? ಅದೇ ಆಯ್ತು. ಆನ್‌ಲೈನ್‌ನಲ್ಲಿ ಪುಕ್ಕಟೆ ಕೋರ್ಸ್ ಒಂದಕ್ಕೆ ಸೇರ್ಕೊಂಡ್ರು.

ಅದೇ ವಾರ ಗುಬ್ಬಿಯಲ್ಲಿ ರವೀಶನ ಹೊಸ ಮನೆ ಗೃಹಪ್ರವೇಶ. ಊಟದ ಪಂಕ್ತಿಯಲ್ಲಿ ಒಂದು ಕಡೆ ರವೀಶ, ಒಂದು ಕಡೆ ನಮ್ಮೋರು, ಎದುರಿಗೆ ನಮ್ಮಪ್ಪ. ಪಕ್ಕದಲ್ಲೇ ವಾಲಗದೋರು ಜೀವ ಬಿಟ್ಟು ಊದ್ತಾ ಇದ್ರು.

"ಭಾವ, ನಾನೀಗ ಆನ್‌ಲೈನ್‌ನಲ್ಲಿ ಷೇರ್ ಮಾರ್ಕೆಟ್ ಕಲೀತಾ ಇದೀನಿ," ಅಂದ ರವೀಶ. "ನಿಮ್ದೇನು? ಇನ್ನೂ ಅದೇ ಟೈಪಿಂಗಾ?"

ನಮ್ಮೋರು ಎಲೆ ನೋಡ್ಕೊಂಡು, ಜೀವಮಾನದಲ್ಲಿ ಮೊದಲ ಸಲ ಸ್ವಲ್ಪ ಗತ್ತಿನಿಂದ ಅಂದ್ರು: "ಇಲ್ಲಪ್ಪ. ನಾನು ಕರ್ನಲ್‌ಗೆ ಸೇರಿದೀನಿ."

ವಾಲಗ ನಿಂತಿದ್ದು ಸರಿಯಾಗಿ ಆಗಲೇ. ನಮ್ಮಪ್ಪನ ಕೈಯಲ್ಲಿದ್ದ ತುತ್ತು ಅಲ್ಲೇ ನಿಂತೋಯ್ತು.

"ಏನಂದ್ರಿ? ಕರ್ನಲ್ಲಾ?"

"ಹೌದು ಮಾವ. ಆನ್‌ಲೈನ್‌ನಲ್ಲಿ."

ಮತ್ತೆ ವಾಲಗ ಶುರುವಾಯ್ತು. ನಮ್ಮೋರು ಇನ್ನೂ ಏನೋ ಹೇಳ್ತಾ ಇದ್ರು. ಬಾಯಿ ಆಡೋದು ಕಾಣ್ತಿತ್ತು, ಮಾತು ಕೇಳ್ತಿರಲಿಲ್ಲ. ನಮ್ಮಪ್ಪ ಎಂಜಲು ಕೈಯಲ್ಲೇ ಎದ್ದು ನಿಂತು, ಎದೆ ಉಬ್ಬಿಸಿ, ಈ ಸಲ ಎದೆಯನ್ನೇ ಉಬ್ಬಿಸಿ, ಇಡೀ ಶಾಮಿಯಾನಕ್ಕೆ ಕೇಳೋ ಹಾಗೆ ಕೂಗಿದ್ರು:

"ನಮ್ಮ ಹಿರಿ ಅಳಿಯಂದ್ರಿಗೆ ತುಪ್ಪ ಹಾಕ್ರೋ!"

ತುಪ್ಪ ಬಂತು. ಒಬ್ಬಟ್ಟು ತೇಲೋವಷ್ಟು ಬಂತು. ನಮ್ಮೋರು ಅದನ್ನ ನೋಡಿದ ನೋಟ ನಾನು ಮರೆಯೋ ಹಾಗಿಲ್ಲ. ಮಿಲ್ಟ್ರಿ ಗಿಲ್ಟ್ರಿ ಅಂತ ಅವರ ತಲೆಗೆ ಹೊಳೆದಿರಲೇ ಇಲ್ಲ. ಕಂಪ್ಯೂಟರ್ ಕಲಿತರೆ ಮಾವ ಮರ್ಯಾದೆ ಕೊಡ್ತಾರೆ ಅಂತ ತಿಳ್ಕೊಂಡು ಎಲೆ ಬಳಿದು ತಿಂದ್ರು.

ವಿಷಯ ನನಗೆ ಗೊತ್ತಾಗಿದ್ದು ಮಾರನೇ ದಿನ, ಅಪ್ಪ ಫೋನ್ ಮಾಡಿದಾಗ.

"ಏನವ್ವಾ ಶಶಿ, ಕರ್ನಲ್ ಸಾಹೇಬ್ರು ಡ್ಯೂಟಿಗೆ ಹೋದ್ರಾ?"

"ಅಪ್ಪಾ, ಅದು ಕಂಪ್ಯೂಟರ್ ಕರ್ನಲ್ಲು..."

"ಗೊತ್ತು ಬುಡವ್ವ. ಈಗ ಯುದ್ಧ ಎಲ್ಲಾ ಕಂಪ್ಯೂಟ್ರಲ್ಲೇ ಅಲ್ವಾ? ಮನೇಲ್ ಕೂತ್ಕೊಂಡೇ ಡ್ರೋನ್ ಬುಡ್ತಾರಂತೆ. ಟೀವೀಲಿ ನೋಡ್ದೆ. ನೀನು ಯಾರಿಗೂ ಬಾಯ್ ಬುಡಬ್ಯಾಡ. ನಾನು ಊರಲ್ಲಿ ನಮ್ಮೋರಿಗೆ ಮಾತ್ರ ಹೇಳಿವ್ನಿ."

ನಮ್ಮೋರು ಅಂದ್ರೆ ಅಪ್ಪನ ಲೆಕ್ಕದಲ್ಲಿ ಇಡೀ ಸಿ.ಎಸ್. ಪುರ ಹೋಬಳಿ. ತುಪ್ಪದ ಖುಷಿಯಲ್ಲಿದ್ದ ನಮ್ಮನೆಯವರಿಗೆ ಇದನ್ನ ಹೇಳೋಕೆ ನನಗೆ ಮನಸ್ಸು ಬರಲಿಲ್ಲ.

ಇತ್ತ ಕ್ಯಾತ್ಸಂದ್ರದ ಕಥೆ ಕೇಳಿ. ಪಕ್ಕದ ಮನೆ ಸರ್ವಮಂಗಳಮ್ಮನವರಿಗೆ ಹೂ ಕೀಳೋ ಅಭ್ಯಾಸ. ನಮ್ಮ ಕಾಂಪೌಂಡಿನ ದಾಸವಾಳ ಅವರ ಕಡೆ ಬಗ್ಗಿದೆ. ನಮ್ಮೋರು ಬೆಳಗ್ಗೆ ರೈಲಿಗೆ ಮುಂಚೆ ಅಲ್ಲೇ ನಿಂತು ರವಿಕಿರಣನ ಹತ್ರ ಫೋನಿನಲ್ಲಿ ಅನುಮಾನ ಬಗೆಹರಿಸ್ಕೊಳ್ತಾರೆ. ಸರ್ವಮಂಗಳಮ್ಮ ಹೂ ಕೀಳ್ತಾ ಇವರ ಮಾತನ್ನೂ ಕಿತ್ತು ಬುಟ್ಟಿಗೆ ಹಾಕ್ಕೊಳ್ತಾರೆ.

ಒಂದು ಬೆಳಗ್ಗೆ ನಮ್ಮೋರು ಕೂಗಾಡ್ತಾ ಇದ್ರು: "ರವಿಕಿರಣ್, ಏನ್ ಮಾಡಿದ್ರೂ ಕರ್ನಲ್ ಬೂಟ್ ಆಗ್ತಿಲ್ಲ ಕಣಪ್ಪಾ! ಹಳೇದೂ ಆಗ್ತಿಲ್ಲ, ಹೊಸದೂ ಆಗ್ತಿಲ್ಲ!"

ಸ್ವಲ್ಪ ಹೊತ್ತಿಗೆ ಸರ್ವಮಂಗಳಮ್ಮ ಬಾಗಿಲಿಗೆ ಬಂದ್ರು. ಒಂದು ಕೈಯಲ್ಲಿ ಹೂವಿನ ಬುಟ್ಟಿ, ಇನ್ನೊಂದರಲ್ಲಿ ಪೇಪರ್ ಸುತ್ತಿದ ಒಂದು ಜೊತೆ ಕರೀ ಬೂಟು.

"ತಪ್ಪು ತಿಳ್ಕೋಬೇಡ ಶಶಿಕಲಾ. ನಿಮ್ಮೆಜಮಾನ್ರಿಗೆ ಬೂಟ್ ಆಗ್ತಿಲ್ವಂತೆ. ನಮ್ಮೋರು ಹೋಮ್‌ಗಾರ್ಡ್‌ನಲ್ಲಿದ್ದಾಗ ಕೊಟ್ಟಿದ್ದು, ಗಟ್ಟಿಮುಟ್ಟಾಗಿದೆ. ದೇಶಸೇವೆಗೆ ನಮ್ಮದೂ ಒಂದಿರಲಿ."

ಬೂಟ್ ಆಗೋದು ಅಂದ್ರೆ ಕಂಪ್ಯೂಟರ್ ಶುರುವಾಗೋದು ಅಂತ ನಾನು ಬಿಡಿಸಿ ಹೇಳೋಕೆ ಬಾಯಿ ತೆಗೆದೆ. ಅಷ್ಟರಲ್ಲಿ ಒಳಗಿಂದ ನಮ್ಮೋರ ದನಿ ಬಂತು, ಇನ್ನೂ ಫೋನಿನಲ್ಲೇ ಇದ್ರು: "ಹೌದಾ? ಮಕ್ಕಳನ್ನ ಮೊದಲು ಕಿಲ್ ಮಾಡ್ಬೇಕಾ? ನಾನು ಅಪ್ಪನ್ನೇ ನೇರವಾಗಿ ಸಾಯಿಸಿಬಿಟ್ಟೆ ಕಣಪ್ಪಾ!"

ಸರ್ವಮಂಗಳಮ್ಮನವರ ಕೈ ಬುಟ್ಟಿಯಿಂದ ದಾಸವಾಳ ಹೊಸಿಲ ಮೇಲೆಲ್ಲ ಚೆಲ್ತು.

ನಮ್ಮೋರು ಆಚೆ ಬಂದು ಸಮಾಧಾನ ಹೇಳಿದ್ರು. "ಗಾಬರಿಯಾಗಬೇಡಿ ಅಕ್ಕಾ, ಮಕ್ಕಳು ಅಂದ್ರೆ ಕಂಪ್ಯೂಟರ್ ಒಳಗೆ ನಡೀತಿರೋ ಚಿಕ್ಕ ಚಿಕ್ಕ ಕೆಲಸಗಳು. ಸರಿಯಾಗಿ ಮುಗಿಸದೇ ಇದ್ರೆ ಜೋಂಬಿ ಆಗ್ಬಿಡ್ತವೆ."

"ಶಿವ ಶಿವಾ! ಯುದ್ಧ ಅಂದ್ಮೇಲೆ ಎಲ್ಲಾ ಇರುತ್ತಪ್ಪ, ನಾನು ಬೇಡ ಅನ್ನಲ್ಲ. ಆದ್ರೆ ಮಕ್ಕಳನ್ನ ಮಾತ್ರ ಬಿಟ್ಬಿಡಿ," ಅಂತ ಕೈ ಮುಗಿದು ಹೋದ್ರು. ಬೂಟು ಮಾತ್ರ ಬಿಟ್ಟು ಹೋದ್ರು.

ಅವತ್ತಿಂದ ನಮ್ಮ ಬೀದಿಯ ರೀತಿಯೇ ಬದಲಾಯ್ತು. ಹಾಲಿನವನು ನೀರು ಕಡಿಮೆ ಮಾಡಿದ. ಗೇಟಿಗೆ ಅಡ್ಡ ಸ್ಕೂಟರ್ ನಿಲ್ಲಿಸ್ತಿದ್ದ ಎದುರುಮನೆಯವರು ತಾವಾಗೇ ಆಚೆ ನಿಲ್ಲಿಸೋಕೆ ಶುರು ಮಾಡಿದ್ರು. ಒಂದಿನ ನಮ್ಮೋರು "ಅಯ್ಯೋ, ಕರ್ನಲ್ ಪ್ಯಾನಿಕ್ ಆಗೋಯ್ತು!" ಅಂತ ಕಿರುಚಿದಾಗ ಮೂರು ಮನೆಯೋರು ನೀರು, ನಿಂಬೆಹಣ್ಣು ಹಿಡ್ಕೊಂಡು ಓಡಿ ಬಂದ್ರು. ಪ್ಯಾನಿಕ್ ಅಂದ್ರೆ ಕರ್ನಲ್ ಕೈಚೆಲ್ಲಿ ಕೂತಿದೆ ಅಂತ, ಕೀಬೋರ್ಡಿನ ಒಂದು ದೀಪ ಮಿಣುಕ್ ಮಿಣುಕ್ ಅಂತಿರುತ್ತೆ ಅಷ್ಟೇ, ಅಂತ ಇವರು ತೋರಿಸಿದ್ರು. ಬಂದೋರು ದೀಪ ನೋಡಿ, ತಲೆ ಬಗ್ಗಿಸಿ, ದೂರದ ಗಡಿಯಲ್ಲಿ ಏನೋ ಆಗಿದೆ ಅಂತ ಪಿಸುಗುಟ್ಕೊಂಡು ಹೋದ್ರು.

ಇಷ್ಟೆಲ್ಲ ಆಗ್ತಿದ್ರೂ, ರವಿಕಿರಣ ಹೇಗೋ ಕರ್ನಲ್ ಬೂಟ್ ಮಾಡಿಕೊಟ್ಟಿದ್ರೂ, ಕಲಿಕೆ ಮಾತ್ರ ಒಂದು ಹೆಜ್ಜೆ ಮುಂದೆ ಹೋಗಿರಲಿಲ್ಲ. ಕೋರ್ಸಿನ ಮೊದಲನೇ ಪಾಠ ಇಷ್ಟೇ: ಪುಟ್ಟದೊಂದು ಪ್ರೋಗ್ರಾಮ್ ಬರೆದು, ಅದನ್ನ ಕರ್ನಲ್ ಒಳಗೆ ಸೇರಿಸಿ, ಅದರ ಬಾಯಲ್ಲಿ ಒಂದೇ ಒಂದು ಸಾಲು ಹೇಳಿಸಬೇಕು. ನಮ್ಮೋರು ಬರೀತಾರೆ, ಸೇರಿಸ್ತಾರೆ, ಪರದೆ ನೋಡ್ತಾರೆ. ಪರದೆ ಮೇಲೆ ಏನೂ ಇಲ್ಲ. ತೆಗೀತಾರೆ, ಮತ್ತೆ ಸೇರಿಸ್ತಾರೆ. ಏನೂ ಇಲ್ಲ.

"ಇದೂ ನಿಮ್ಮಪ್ಪ ಮೊದಲಿದ್ದ ಥರಾನೇ ಕಣೇ ಶಶಿ," ಅಂದ್ರು ಒಂದು ಸಂಜೆ. "ಏನ್ ಮಾಡಿದ್ರೂ ಒಂದ್ ಮಾತ್ ಆಡಲ್ಲ."

ಆಮೇಲೆ ಟೀಸಿ ಕಥೆ. ಟೀಸಿ ಅಂದ್ರೆ ನಮ್ಮೂರ ಕಡೆ ಟ್ರಾನ್ಸ್‌ಫಾರ್ಮರ್. ಸಿ.ಎಸ್. ಪುರದ ತೋಟದ ಲೈನಿನ ಟೀಸಿ ಸುಟ್ಟು, ಮೋಟರುಗಳೆಲ್ಲ ಸುಮ್ಮನೆ ಕೂತಿದ್ವು. ಹೊಸದಕ್ಕೆ ಪಾಳಿ ಬರಬೇಕು ಅಂತ ಕರೆಂಟ್ ಆಫೀಸಿನೋರು ಹೇಳಿದ್ರು. ನಮ್ಮಪ್ಪ ಫೋನ್ ಎತ್ಕೊಂಡ್ರು.

"ಹಲೋ! ನಾನು ಕರ್ನಲ್ ಹನುಮಂತರಾಜು ಅವರ ಮಾವ ಮಾತಾಡ್ತಿರೋದು!"

ಆ ವಾರವೇ ಲಾರಿಯಲ್ಲಿ ಟೀಸಿ ಬಂತು. ಮೋಟರು ಓಡಿದ್ವು. ಊರಿನೋರು ಟೀಸಿಗೆ ಚೆಂಡುಹೂವಿನ ಹಾರ ಹಾಕಿ, ಆಗಸ್ಟ್ ಹದಿನೈದಕ್ಕೆ ಸ್ಕೂಲ್ ಮೈದಾನದಲ್ಲಿ ಬಾವುಟ ಹಾರಿಸೋದು ಕರ್ನಲ್ ಸಾಹೇಬ್ರೇ ಅಂತ ತೀರ್ಮಾನ ಮಾಡಿಬಿಟ್ರು.

ಇದನ್ನ ಕೇಳಿದಾಗಲೇ ನಮ್ಮೋರಿಗೆ ಪೂರ್ತಿ ಅರ್ಥ ಆಗಿದ್ದು. ಮುಖ ಸುಣ್ಣ ಬಳಿದಂಗಾಯ್ತು.

"ನಿಮ್ಮಪ್ಪ ತುಪ್ಪ ಹಾಕ್ಸಿದ್ದು... ಅದಕ್ಕಾ?"

"ಅದಕ್ಕೇ ಕಣ್ರೀ."

ತಕ್ಷಣ ಫೋನ್ ಮಾಡಿದ್ರು. "ಮಾವ, ನಾನು ಮಿಲ್ಟ್ರಿ ಕರ್ನಲ್ ಅಲ್ಲ!"

"ಗೊತ್ತಾಯ್ತು ಅಳಿಯಂದ್ರೆ, ಗೊತ್ತಾಯ್ತು," ಅಂತ ಅಪ್ಪ ದನಿ ತಗ್ಗಿಸಿದ್ರು. "ಫೋನಲ್ಲಿ ಯಾರಾದ್ರೂ ಕದ್ದು ಕೇಳ್ತಿರ್ತಾರೆ. ಹಂಗೇ ಹೇಳ್ಬೇಕು. ಶಭಾಷ್!" ಅಂತ ಇಟ್ಟುಬಿಟ್ರು.

ಸಾಲದ್ದಕ್ಕೆ ಆ ಭಾನುವಾರ ಕುಣಿಗಲ್‌ನಿಂದ ರಂಗಯ್ಯನವರು ಬಂದ್ರು. ಅಪ್ಪನ ಹಳೇ ಸ್ನೇಹಿತರು, ನಿಜವಾಗಲೂ ಮಿಲ್ಟ್ರಿಯಲ್ಲಿದ್ದು ಹವಾಲ್ದಾರರಾಗಿ ರಿಟೈರ್ ಆದೋರು. ಬಾವುಟದ ದಿನ ಯಾವ ಥರ ಸೆಲ್ಯೂಟ್, ಯಾವ ಥರ ಸ್ವಾಗತ ಅಂತ ಕೇಳ್ಕೊಂಡು ಹೋಗೋಕೆ ಅಪ್ಪ ಕಳಿಸಿದ್ರು. ಮೀಸೆ ತಿರುವಿ ಕೂತ್ರು. ಕಣ್ಣಿನಲ್ಲಿ ಅನುಮಾನ ಇತ್ತು.

"ಯಾವ ರೆಜಿಮೆಂಟ್ ಸಾರ್ ತಮ್ಮದು?"

"ರೆಜಿಮೆಂಟ್ ಏನಿಲ್ಲ ರಂಗಯ್ಯನೋರೆ. ಲಿನಕ್ಸ್."

"ಲಿನಕ್ಸ್... ಎಲ್ಲಿ ಬರುತ್ತೆ?"

"ಎಲ್ಲಾ ಕಡೆ ಇದೆ. ಈಗ ನಿಮ್ಮ ಜೇಬಿನಲ್ಲೂ ಇದೆ."

ರಂಗಯ್ಯ ಜೇಬು ಮುಟ್ಟಿ ನೋಡ್ಕೊಂಡ್ರು. ಮೊಬೈಲ್ ಮಾತ್ರ ಇತ್ತು, ಅದರೊಳಗೂ ಲಿನಕ್ಸೇ ಇರೋದು ಅಂತ ಅವರಿಗೆ ಗೊತ್ತಿರಲಿಲ್ಲ. ಮುಖ ಸ್ವಲ್ಪ ಬದಲಾಯ್ತು.

"ಎಲ್ಲಾ ಸೀಕ್ರೆಟ್ಟಾ?"

"ಸೀಕ್ರೆಟ್ ಏನೂ ಇಲ್ಲ, ಎಲ್ಲಾ ಓಪನ್. ಯಾರು ಬೇಕಾದ್ರೂ ನೋಡ್ಬೋದು."

"ತಮ್ಮ ಮೇಲೆ ಯಾರು?"

"ರೂಟ್."

"ರೂಟ್ ಸಾಹೇಬ್ರು ಫಾರಿನ್ನೋರಾ?"

"ಸಾಹೇಬ್ರಲ್ಲ, ಯಜಮಾನನಿಗೆ ಹಾಗಂತಾರೆ. ಪಾಸ್‌ವರ್ಡ್ ಹಾಕಿದ್ರೆ ನಾನೇ ರೂಟ್. ನೋಡಿ, ನಾನು ಇನ್ನೂ ಕಲಿಯೋನು. ಒಂದು ಸೆಮಿಕೋಲನ್ ಬಿಟ್ಟೋದ್ರೆ ಎಲ್ಲಾ ಉಡೀಸ್."

"ಸೆಮಿ ಕರ್ನಲ್ಲು..." ಅಂತ ರಂಗಯ್ಯ ಮೀಸೆ ಸವರ್ಕೊಂಡ್ರು. "ಲೆಫ್ಟಿನೆಂಟ್ ಕರ್ನಲ್ ಕಂಡಿದೀನಿ. ಸೆಮಿ ಕರ್ನಲ್ ನಾನು ಬಿಟ್ಟ ಮೇಲೆ ಬಂದಿರೋದು ಅಂತ ಕಾಣುತ್ತೆ."

ನಾನು ಒಳಗೆ ಹೋಗಿ ಸೆರಗು ಬಾಯಿಗೆ ತುರುಕಿಕೊಂಡು ನಕ್ಕೆ. ಆಚೆ ಬಂದಾಗ ರಂಗಯ್ಯ ಎದ್ದು ನಿಂತಿದ್ರು. "ಸಾರ್, ನಾನು ಅನುಮಾನ ಪಟ್ಕೊಂಡೇ ಬಂದಿದ್ದೆ, ಕ್ಷಮಿಸ್ಬೇಕು. ನಮ್ಮ ಕಡೆ ಒಬ್ಬ ಮೇಜರ್ ಅಂತ ಹೇಳ್ಕೊಂಡು ತಿರುಗ್ತಿದ್ದ. ಸುಳ್ಳು ಅಂತ ಗೊತ್ತಾಗಿ ಎತ್ತಿ ಒಳಗೆ ಹಾಕಿದ್ರು. ಈಗ ಸರ್ಕಾರದ ಮುದ್ದೆ ತಿಂತಾವ್ನೆ. ತಮ್ಮಂಥೋರು ಹೊರಗೆ ಹೇಳೋ ಹಾಗಿಲ್ಲ, ನನಗೆ ಅರ್ಥ ಆಗುತ್ತೆ." ಅಂತ ನೆಲ ಅದುರೋ ಹಾಗೆ ಒಂದು ಸೆಲ್ಯೂಟ್ ಹೊಡೆದು ಹೋದ್ರು.

ನಮ್ಮೋರು ಕುಸಿದು ಕೂತ್ರು. "ಶಶಿ, ಒಳಗೆ ಹಾಕ್ತಾರಂತೆ."

"ಹಾಗಾದ್ರೆ ಮೈಕಿನಲ್ಲೇ ನಿಜ ಹೇಳಿಬಿಡಿ. ಮೈಕಿನಲ್ಲಿ ಹೇಳಿದ್ರೆ ನಮ್ಮಪ್ಪ ಫೋನ್ ಇಡೋ ಹಾಗೆ ಇಡೋಕಾಗಲ್ಲ."

"ಹೇಳ್ತೀನಿ. ಆದ್ರೆ ಮತ್ತೆ ಒಣ ಒಬ್ಬಟ್ಟೇ," ಅಂದ್ರು. ಎಷ್ಟು ಮೆಲ್ಲಗೆ ಅಂದ್ರು ಅಂದ್ರೆ, ನನಗೆ ಬಂದಿದ್ದ ನಗು ಅಲ್ಲೇ ನಿಂತೋಯ್ತು. ಆಮೇಲೆ ಎದ್ದು, "ಬರೀ ಬಾಯಲ್ಲಿ ಹೇಳಿದ್ರೆ ಮಾವ ನಂಬಲ್ಲ. ಕರ್ನಲ್ ಬಾಯಲ್ಲೇ ಒಂದು ಮಾತು ಆಡಿಸಿ ತೋರಿಸ್ತೀನಿ," ಅಂತ ಮತ್ತೆ ಲ್ಯಾಪ್‌ಟಾಪ್ ಮುಂದೆ ಕೂತ್ರು.

ಆಗಸ್ಟ್ ಹದಿನೈದು ಬೆಳಗ್ಗೆ ರವೀಶನೇ ಗುಬ್ಬಿಯಿಂದ ಕಾರು ತಂದು, ತಾನೇ ಬಾಗಿಲು ತೆಗೆದು ಹಿಡ್ಕೊಂಡ. ಬೀದಿಯೋರೆಲ್ಲ ಗೇಟಿನಲ್ಲಿದ್ರು. ಸರ್ವಮಂಗಳಮ್ಮ ಕಾಲೇ ನೋಡ್ತಾ ನಿಂತಿದ್ರಿಂದ ನಮ್ಮೋರು ಆ ಬೂಟು ಹಾಕ್ಕೊಳ್ಳದೆ ವಿಧಿಯಿರಲಿಲ್ಲ. ಅದು ಒಂದು ನಂಬರ್ ಚಿಕ್ಕದು. ದಾರಿಯುದ್ದಕ್ಕೂ ಮಡಿಲಲ್ಲಿ ಲ್ಯಾಪ್‌ಟಾಪ್ ಇಟ್ಕೊಂಡು, ಪ್ರೋಗ್ರಾಮ್ ಸೇರಿಸ್ತಾರೆ, ತೆಗೀತಾರೆ, ಮತ್ತೆ ಸೇರಿಸ್ತಾರೆ. ಪರದೆ ಖಾಲಿ. ರವೀಶ ಕನ್ನಡಿಯಲ್ಲಿ ನೋಡಿ, "ಭಾವ, ಬಾರ್ಡರ್‌ನಲ್ಲಿ ಎಲ್ಲಾ ಸರಿ ಇದೆಯಾ?" ಅಂದ. ಇವರು ಬೂಟಿನ ನೋವಿಗೆ "ಹಾ..." ಅಂದ್ರು.

ಸ್ಕೂಲ್ ಮೈದಾನದಲ್ಲಿ ಜನವೋ ಜನ. ಭಾರತಮಾತೆಯ ಫೋಟೋ ಮುಂದೆ ತೆಂಗಿನಕಾಯಿ ಒಡೆದಿದ್ರು. ಕರೆಂಟ್ ಆಫೀಸಿನಿಂದ ಮೋನಿಕಾ ಅಂತ ಚಿಕ್ಕ ವಯಸ್ಸಿನ ಇಂಜಿನಿಯರ್ ಬಂದಿದ್ರು. ನಮ್ಮಪ್ಪ ಇಸ್ತ್ರಿ ಮಾಡಿದ ಖಾಕಿಯಲ್ಲಿ, ರಂಗಯ್ಯನವರ ಪಕ್ಕ ಅಟೆನ್ಷನ್‌ನಲ್ಲಿ ನಿಂತಿದ್ರು. ಅಪ್ಪನ ಮುಖದಲ್ಲಿ ಅಂಥ ಕಳೆ ನಾನು ನನ್ನ ಮದುವೆಯಲ್ಲೂ ಕಂಡಿರಲಿಲ್ಲ.

ಬಾವುಟ ಹಾರಿತು. ನಮ್ಮೋರು ಕುಂಟ್ತಾ ಮೈಕಿಗೆ ಬಂದು, ಲ್ಯಾಪ್‌ಟಾಪನ್ನ ಪಕ್ಕದ ಮೇಜಿನ ಮೇಲೆ ತೆರೆದಿಟ್ರು. "ಗುಂಡೇಟು ಬಿದ್ದಿರ್ಬೇಕು," ಅಂದ್ರು ನನ್ನ ಹಿಂದೆ ಯಾರೋ.

"ನಾನು ಕರ್ನಲ್ ಅಲ್ಲ," ಅಂದ್ರು ನಮ್ಮೋರು.

ಜನ ಚಪ್ಪಾಳೆ ಹೊಡೆದ್ರು. ಎಂಥ ವಿನಯ!

"ಚಪ್ಪಾಳೆ ಹೊಡೀಬೇಡಿ! ನಾನು ಗುಬ್ಬಿ ಕಾಲೇಜಿನ ಗುಮಾಸ್ತ! ಕರ್ನಲ್ ಅನ್ನೋದು ಕಂಪ್ಯೂಟರ್ ಒಳಗಿರೋ ಒಂದು ಪ್ರೋಗ್ರಾಮು! ಅದನ್ನ ಕಲೀತಾ ಇದೀನಿ, ಇನ್ನೂ ಮೊದಲನೇ ಪಾಠದಲ್ಲೇ ಇದೀನಿ!"

ಚಪ್ಪಾಳೆ ಇನ್ನೂ ಜಾಸ್ತಿ ಆಯ್ತು. ಆಗ ಮೋನಿಕಾ ಮೇಡಂ ಎದ್ದು ಬಂದು, ತೆರೆದಿಟ್ಟಿದ್ದ ಲ್ಯಾಪ್‌ಟಾಪ್ ಒಳಗೆ ಬಗ್ಗಿ ನೋಡಿ, "ಅಯ್ಯೋ, ಲಿನಕ್ಸ್ ಕರ್ನಲ್ಲು! ಇದು ನಾವು ಇಂಜಿನಿಯರಿಂಗ್‌ನಲ್ಲಿ ಓದಿದ್ದು!" ಅಂತ ಬಿದ್ದೂ ಬಿದ್ದೂ ನಕ್ಕರು. ಆ ನಗು ಮೈಕಿನಲ್ಲಿ ಇಡೀ ಊರಿಗೆ ಕೇಳಿಸ್ತು. ಚಪ್ಪಾಳೆ ನಿಂತೋಯ್ತು.

ಮೊದಲು ಮಾತಾಡಿದ್ದು ಅಪ್ಪನ ಪಕ್ಕದ ತೋಟದ ತಿಪ್ಪಯ್ಯ. "ಹಂಗಾರೆ ಟೀಸಿ ವಾಪಸ್ ಎತ್ಕೊಂಡೋಯ್ತೀರಾ ಮೇಡಮ್ನೋರೆ?"

"ಇಲ್ಲಪ್ಪ! ಅದು ಕರ್ನಲ್ ಹೆಸರಿಗೆ ಬಂದಿದ್ದಲ್ಲ. ಮುದ್ದಯ್ಯನವರು ದಿನಾ ಬೆಳಗಾದ್ರೆ ಫೋನ್ ಮಾಡಿ ನನ್ನ ಪ್ರಾಣ ತಿಂತಿದ್ರು. ಆ ಕಾಟ ತಡೀಲಾರದೆ ಮೇಲಿನವರ ಹತ್ರ ಜಗಳ ಆಡಿ ಹಾಕಿಸಿದ್ದು."

ರಂಗಯ್ಯ ಗಂಭೀರವಾಗಿ ಮುಂದೆ ಬಂದ್ರು. "ಸ್ವಾಮಿ, ನಾನು ಅವತ್ತು ಹೊಡೆದ ಸೆಲ್ಯೂಟ್ ವಾಪಸ್ ಕೊಡಿ."

ನಮ್ಮೋರು ಬೂಟು ಕೂಡಿಸಿ, ನೋವಿಗೆ ಹಲ್ಲು ಕಚ್ಚಿ, ಒಂದು ಸೆಲ್ಯೂಟ್ ಹೊಡೆದ್ರು. ರಂಗಯ್ಯ ಅದನ್ನ ನೋಡಿ, ಮೊಣಕೈ ಸ್ವಲ್ಪ ಮೇಲೆತ್ತಿ ಸರಿ ಮಾಡಿ, ತೃಪ್ತಿಯಾಗಿ ವಾಪಸ್ ಹೋದ್ರು.

ನಮ್ಮಪ್ಪ ಮಾತ್ರ ಅಲ್ಲಾಡಲಿಲ್ಲ. ಉಬ್ಬಿದ್ದ ಎದೆ ಮೆಲ್ಲಗೆ ಇಳೀತು. "ಹಂಗಾದ್ರೆ," ಅಂದ್ರು, "ಕರ್ನಲ್ ಅಂದ್ರೆ ಏನಪ್ಪಾ?"

ಅಳಿಯಂದ್ರು ಹೋಗಿ ಅಪ್ಪಾ ಆಗಿತ್ತು. ನಮ್ಮೋರು ಅತ್ತ ಇತ್ತ ನೋಡಿ, ಫೋಟೋ ಮುಂದಿದ್ದ ತೆಂಗಿನಕಾಯಿ ಹೋಳು ಎತ್ಕೊಂಡ್ರು.

"ನೋಡಿ ಮಾವ. ಮೇಲಿರೋ ಈ ಚಿಪ್ಪಿಗೆ ನಮ್ಮ ಕಂಪ್ಯೂಟರ್‌ನಲ್ಲಿ ಶೆಲ್ ಅಂತಾರೆ. ನಾವು ಹೊರಗಿಂದ ತಟ್ಟೋದು, ಮಾತಾಡಿಸೋದು ಇದನ್ನೇ. ಒಳಗಿರೋ ತಿರುಳು ಇದೆಯಲ್ಲ, ಅದೇ ಕರ್ನಲ್. ಎಣ್ಣೆ, ಚಟ್ನಿ, ಒಬ್ಬಟ್ಟು ಏನೇ ಆದ್ರೂ ಇದರಿಂದಲೇ ಆಗ್ಬೇಕು. ಇದಿಲ್ಲ ಅಂದ್ರೆ ಬರೀ ಚಿಪ್ಪು."

ನಮ್ಮಪ್ಪ ಹೋಳು ಈಸ್ಕೊಂಡು, 'ಶೆಲ್ಲು' ಅಂತ ಚಿಪ್ಪು ತಟ್ಟಿದ್ರು, 'ಕರ್ನಲ್ಲು' ಅಂತ ತಿರುಳು ಮುಟ್ಟಿದ್ರು. "ಥೂ ನಿನ್ನ! ಕೊಬ್ಬರಿ! ಜೀವಮಾನ ಎಲ್ಲಾ ನಾನು ಮಾಡಿದ್ದು ಅದನ್ನೇ. ಮೊದ್ಲೇ ಹಿಂಗ್ ಹೇಳ್ಬಾರ್ದಾ?" ಹೋಳು ಪಕ್ಕಕ್ಕಿಟ್ಟು, "ಇರ್ಲಿ, ನಿನ್ನ ಕೊಬ್ಬರಿ ಏನ್ ಮಾಡುತ್ತೆ, ಅದನ್ನ ತೋರ್ಸು."

ನಮ್ಮೋರ ಮುಖ ಬಾಡಿತು. "ಒಂದೇ ಒಂದು ಸಾಲು ಹೇಳಿಸೋಣ ಅಂತ ಬೆಳಗ್ಗಿಂದ ಒದ್ದಾಡ್ತಿದೀನಿ ಮಾವ. ಹೇಳ್ತಾನೇ ಇಲ್ಲ."

"ಸಾರ್, ಡಿ-ಮೆಸೇಜ್ ಅಂತ ಕಮಾಂಡ್ ಹೊಡೆದ್ರಾ?" ಅಂತ ಮೋನಿಕಾ ಮೇಡಂ ಕೇಳಿದ್ರು. "ಕರ್ನಲ್ ಹೇಳಿದ್ದು ತಾನಾಗೇ ಪರದೆ ಮೇಲೆ ಬರಲ್ಲ ಸಾರ್. ಒಳಗೇ ಇಟ್ಕೊಂಡಿರುತ್ತೆ. ನಾವು ಹೋಗಿ ಕೇಳ್ಬೇಕು."

ಇವರಿಗೆ ಗೊತ್ತೇ ಇರಲಿಲ್ಲ. ಎರಡನೇ ಪಾಠದಲ್ಲಿತ್ತಂತೆ ಅದು. ಕಮಾಂಡ್ ಹೊಡೆದು ಎಂಟರ್ ಒತ್ತಿದ್ರು. ಪರದೆ ಮೇಲೆ ಸಾಲು ಸಾಲಾಗಿ ಅಕ್ಷರ ಬಂದ್ವು. ಕೆಳಗೆ ಬಂದು ನಿಂತಾಗ ಒಂದರ ಕೆಳಗೊಂದು, ಇಂಗ್ಲಿಷ್ ಅಕ್ಷರದಲ್ಲಿ, ಒಂದೇ ಮಾತು. ಮೇಡಂ ಅದನ್ನ ಮೈಕಿನಲ್ಲಿ ಓದಿದ್ರು.

"ನಮಸ್ಕಾರ ಮಾವ. ನಮಸ್ಕಾರ ಮಾವ. ನಮಸ್ಕಾರ ಮಾವ. ನಮಸ್ಕಾರ ಮಾವ..." ಓದಿ ಓದಿ ಸಾಕಾಗಿ, "ಪರದೆ ತುಂಬಾ ಇದೇ ಇದೆ ಮುದ್ದಯ್ಯನೋರೆ," ಅಂದ್ರು.

ಕ್ಯಾತ್ಸಂದ್ರ ಬಿಟ್ಟಾಗಿಂದ ಸೇರಿಸಿ ತೆಗೆದು, ಸೇರಿಸಿ ತೆಗೆದು ಮಾಡಿದ್ರಲ್ಲ, ಅಷ್ಟೂ ಸಲ ಅದು ಹೇಳಿತ್ತು.

ನಮ್ಮಪ್ಪ ಲ್ಯಾಪ್‌ಟಾಪ್ ಹತ್ರ ಬಗ್ಗಿ, ಓದೋಕೆ ಬರದಿದ್ರೂ ಆ ಸಾಲುಗಳ ಮೇಲೆ ಬೆರಳಾಡಿಸಿದ್ರು. "ಇದನ್ನೆಲ್ಲ ಯಾವಾಗ ಹೇಳ್ದೆ?"

"ಬೆಳಗ್ಗಿಂದ ಹೇಳ್ತಾನೇ ಇದೀನಿ ಮಾವ."

"ನಂಗೆ ಕೇಳ್ಸಲೇ ಇಲ್ವಲ್ಲಪ್ಪಾ," ಅಂದ್ರು ಅಪ್ಪ. ಟವೆಲ್ಲಿನಲ್ಲಿ ಕಣ್ಣು ಒರೆಸ್ಕೊಂಡು, "ಧೂಳು," ಅಂದ್ರು.

"ಎಲ್ಲೈತೆ ಧೂಳು? ಬೆಳಗ್ಗೆ ತಾನೇ ಮಳೆ ಬಂದು ನೆಲ ನೆಂದೈತೆ," ಅಂದ್ರು ರಂಗಯ್ಯ. ಅಪ್ಪ ಅವರನ್ನ ದುರುಗುಟ್ಕೊಂಡು ನೋಡಿದ್ರು.

ಮಧ್ಯಾಹ್ನ ನಮ್ಮಪ್ಪನ ಮನೆಯಲ್ಲಿ ಊಟ. ಪಂಕ್ತಿಯಲ್ಲಿ ನಮ್ಮೋರು ಬೂಟು ಬಿಚ್ಚಿ, ಕೆಂಪಾದ ಕಾಲು ಮಡಿಸಿ ತಲೆ ಬಗ್ಗಿಸಿ ಕೂತಿದ್ರು. ಕಾಯಿ ಒಬ್ಬಟ್ಟು ಬಂತು. ತುಪ್ಪದ ಹುಡುಗ ರವೀಶನ ಹತ್ರ ನಿಂತ. ನಾನು ಕಂಬ ಹಿಡ್ಕೊಂಡು ಅಪ್ಪನ ಬಾಯನ್ನೇ ನೋಡ್ತಾ ನಿಂತಿದ್ದೆ. ಅಪ್ಪ ಎದ್ರು. ಕೂಗಲಿಲ್ಲ. ತುಪ್ಪದ ಪಾತ್ರೆ ಹುಡುಗನ ಕೈಯಿಂದ ಕಿತ್ಕೊಂಡು, ತಾವೇ ಬಂದು ನಮ್ಮೋರ ಎಲೆ ಮುಂದೆ ಕೂತ್ರು.

"ಸಾಕು ಮಾವ, ಸಾಕು," ಅಂತ ಇವರು ಕೈ ಅಡ್ಡ ಹಿಡಿದ್ರು.

"ಕೈ ತೆಗೀರಿ ಅಳಿಯಂದ್ರೆ," ಅಂದ್ರು ಅಪ್ಪ. "ಇಷ್ಟು ದಿನದ್ದೂ ಬಾಕಿ ಐತೆ."

ಅವತ್ತು ಸಂಜೆ ಕ್ಯಾತ್ಸಂದ್ರಕ್ಕೆ ಬಂದ ಮೇಲೆ ನಮ್ಮೋರು ಅಡುಗೆಮನೆ ಕಡೆ ತಲೆನೂ ಹಾಕಲಿಲ್ಲ.

ಬೀದಿಯೋರಿಗೆಲ್ಲ ನಾನೇ ಕೂತು, ತೆಂಗಿನಕಾಯಿ ಹಿಡ್ಕೊಂಡು ವಿವರಿಸಿದೆ. ಸರ್ವಮಂಗಳಮ್ಮನವರಿಗೆ ಎರಡು ಸಲ ವಿವರಿಸಿದೆ. ಅರ್ಥ ಆಯ್ತು ಅಂತ ತಲೆ ಆಡಿಸಿದ್ರು. ಇನ್ನು ಎಲ್ಲಾ ಸರಿ ಹೋಯ್ತು ಅಂತ ನಾನೂ ನೆಮ್ಮದಿಯಾಗಿದ್ದೆ. ಮೊನ್ನೆ ಬೆಳಗ್ಗೆ ನಮ್ಮೋರು ದಾಸವಾಳದ ಗಿಡದ ಹತ್ರ ನಿಂತು ಫೋನಿನಲ್ಲಿ ಖುಷಿಯಾಗಿ ಕೂಗ್ತಾ ಇದ್ರು: "ರವಿಕಿರಣ್, ಕರ್ನಲ್ ಮುಗೀತು ಕಣಪ್ಪಾ! ಇವತ್ತಿಂದ ಡ್ರೈವರ್!"

ಡ್ರೈವರ್ ಅಂದ್ರೆ ಮೌಸು, ಪ್ರಿಂಟರು ಓಡಿಸೋ ಪ್ರೋಗ್ರಾಮು, ಅವರ ಮುಂದಿನ ಪಾಠ. ನಾನು ತಲೆ ಮೇಲೆ ಕೈ ಇಟ್ಕೊಳ್ಳೋದರೊಳಗೆ ಸರ್ವಮಂಗಳಮ್ಮ ಬಾಗಿಲಲ್ಲಿದ್ರು. ಕಣ್ಣಲ್ಲಿ ನೀರು.

"ಶಶಿಕಲಾ, ಏನ್ ತಪ್ಪು ಮಾಡಿದ್ರು ಅಂತ ಡ್ರೈವರ್‌ಗೆ ಇಳಿಸಿದ್ರೇ? ಆ ಬೂಟು ವಾಪಸ್ ಕೊಡಬೇಡ. ಬ್ರೇಕ್ ತುಳಿಯೋಕಾದ್ರೂ ಇರಲಿ."